ತೊರಕೆ ಮೀನಿನ ಲಾಡಿಹುಳುಗಳನ್ನು ಗುರುತಿಸಿ ವಿವರಿಸುವ ಕ್ರಮ: ದಕ್ಕೆಯಿಂದ ಪ್ರಭೇದದ ಹೆಸರಿನವರೆಗೆ

ತೊರಕೆಯ, ಅಂದರೆ ರೇ ಎಂಬ ಚಪ್ಪಟೆ ಮೀನಿನ, ಕರುಳಿನಲ್ಲಿ ಲಾಡಿಹುಳು ಸಿಗುವುದು ಕಷ್ಟವಲ್ಲ, ಸಿಕ್ಕ ಹುಳುವಿಗೆ ನಿಲ್ಲುವಂಥ ಹೆಸರು ಕೊಡುವುದು ಕಷ್ಟ. ತಿದ್ದಿಕೊಡಿ ಎಂದು ಬರುವ ಕರಡುಗಳಲ್ಲಿ ನಾನು ಕಾಣುವ ತಪ್ಪುಗಳು ಹೆಚ್ಚುಕಡಿಮೆ ಒಂದೇ ಬಗೆಯವು: ಮೀನಿನ ಫೋಟೋ ಇರುವುದಿಲ್ಲ, ಹುಳುಗಳು ಮುದುಡಿಕೊಂಡೋ ಚಪ್ಪಟೆಯಾಗಿಯೋ ಇರುತ್ತವೆ, ಎರಡು ಪ್ರಭೇದಗಳ ಅಳತೆಗಳು ಒಂದೇ ಸರಾಸರಿಯೊಳಗೆ ಬೆರೆತಿರುತ್ತವೆ, ಆದರೆ ಹೊಸ ಹೆಸರು ಮಾತ್ರ ಮೊದಲ ಪುಟದಲ್ಲೇ ಸಿದ್ಧವಾಗಿರುತ್ತದೆ. ಇವೆಲ್ಲವೂ ಕೆಲಸದ ಕ್ರಮ ತಪ್ಪಿದ್ದರಿಂದ ಆದವು. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದಕ್ಕೇ ಹೆಚ್ಚು ಒತ್ತು ಕೊಟ್ಟಿದ್ದೇನೆ.

ಉದಾಹರಣೆಗೆ ಅಕ್ಯಾಂತೊಬೋತ್ರಿಯಂ ಎಂಬ ಕುಲವನ್ನು ಆರಿಸಿಕೊಂಡಿದ್ದೇನೆ. ಕುಲವೆಂದರೆ ಇಲ್ಲಿ ಜೀನಸ್. ಇದರಲ್ಲಿ ಈಗಾಗಲೇ 200ಕ್ಕೂ ಹೆಚ್ಚು ಪ್ರಭೇದಗಳಿವೆ, ನಮ್ಮ ಕರಾವಳಿಯ ತೊರಕೆಗಳಲ್ಲಿಯೂ ಇದು ಸಾಮಾನ್ಯ, ಹೊಸಬರು ಎಡವುವುದೂ ಇದರಲ್ಲೇ ಹೆಚ್ಚು. ತಲೆಯಲ್ಲಿರುವ ಕೊಕ್ಕೆಗಳ ಅಳತೆಯನ್ನೂ ಹಂತ 8ರ ವರ್ಗವ್ಯವಸ್ಥೆಯನ್ನೂ ಬಿಟ್ಟರೆ ಉಳಿದ ಹಂತಗಳು ತೊರಕೆಯ ಬೇರೆ ಲಾಡಿಹುಳುಗಳಿಗೂ ಅನ್ವಯಿಸುತ್ತವೆ.

ಮೊದಲೇ ಕೈಯಲ್ಲಿರಬೇಕಾದ ಸಾಮಗ್ರಿ

ದಕ್ಕೆಗೆ (ಮೀನು ಇಳಿಸುವ ಕಟ್ಟೆಗೆ) ಹೋಗುವಾಗ ಹರಿತವಾದ ಚಾಕು, ಕತ್ತರಿ, ಚಿಮುಟ, ದಪ್ಪ ಕೈಗವಸು, ಅಳತೆಪಟ್ಟಿ, ಕ್ಯಾಮೆರಾ, ಬಿಗಿಮುಚ್ಚಳದ ಅಗಲಬಾಯಿ ಬಾಟಲಿಗಳು, ಸಮುದ್ರದ ನೀರಿನಲ್ಲಿ ಬೆರೆಸಿದ ಶೇ. 10ರ ಫಾರ್ಮಲಿನ್, ಶೇ. 95ರ ಎಥನಾಲ್, ಪೆನ್ಸಿಲ್ ಮತ್ತು ದಪ್ಪ ಕಾಗದದ ಚೀಟಿಗಳು ಬೇಕು. ಚೀಟಿಯನ್ನು ಪೆನ್ಸಿಲ್‌ನಲ್ಲೇ ಬರೆದು ಬಾಟಲಿಯ ಒಳಗೆ ಹಾಕಬೇಕು. ಹೊರಗೆ ಮಾರ್ಕರ್‌ನಲ್ಲಿ ಬರೆದದ್ದನ್ನು ಎಥನಾಲ್‌ನ ಒಂದು ಹನಿ ಅಳಿಸಿಹಾಕುತ್ತದೆ.

ಶೇ. 10ರ ಫಾರ್ಮಲಿನ್ ಎಂದರೆ ಅಂಗಡಿಯಲ್ಲಿ ಸಿಗುವ ಶೇ. 37–40ರ ಫಾರ್ಮಾಲ್ಡಿಹೈಡ್ ದ್ರಾವಣದ ಒಂದು ಪಾಲಿಗೆ ಒಂಬತ್ತು ಪಾಲು ನೀರು. ಅದರಲ್ಲಿರುವ ಫಾರ್ಮಾಲ್ಡಿಹೈಡ್ ಸುಮಾರು ಶೇ. 4 ಮಾತ್ರ. ಈ ಲೆಕ್ಕ ತಪ್ಪಿ ಮೂರುಪಟ್ಟು ಗಟ್ಟಿಯಾದ ದ್ರಾವಣದಲ್ಲಿ ಹುಳುಗಳನ್ನು ಕಡ್ಡಿ ಮಾಡಿಟ್ಟವರನ್ನು ನೋಡಿದ್ದೇನೆ.

ಪ್ರಯೋಗಾಲಯದಲ್ಲಿ ಸ್ಟೀರಿಯೋ ಸೂಕ್ಷ್ಮದರ್ಶಕ, ಚಿತ್ರ ಬಿಡಿಸುವ ಕೊಳವೆಯಿರುವ ಸಂಯುಕ್ತ ಸೂಕ್ಷ್ಮದರ್ಶಕ, ಸ್ಟೇಜ್ ಮೈಕ್ರೋಮೀಟರ್ (ಅಳತೆಗೆರೆಗಳಿರುವ ಸ್ಲೈಡ್), ಬಣ್ಣ ಹಾಕಲು ಡೆಲಾಫೀಲ್ಡ್ ಹೆಮಟಾಕ್ಸಿಲಿನ್, ಬೇರೆ ಬೇರೆ ಪ್ರಮಾಣದ ಎಥನಾಲ್, ಪಾರದರ್ಶಕಗೊಳಿಸಲು ಮೀಥೈಲ್ ಸ್ಯಾಲಿಸಿಲೇಟ್ ಮತ್ತು ಸ್ಲೈಡ್‌ಗೆ ಅಂಟಿಸಲು ಕೆನಡಾ ಬಾಲ್ಸಮ್ ಇರಬೇಕು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಮತ್ತು ಡಿಎನ್‌ಎ ಸೌಲಭ್ಯ ನಿಮ್ಮಲ್ಲೇ ಇರಬೇಕೆಂದಿಲ್ಲ, ಆದರೆ ಎಲ್ಲಿ ಮಾಡಿಸುವಿರಿ ಎಂಬುದು ಮೊದಲೇ ಗೊತ್ತಿರಲಿ. ಏಕೆಂದರೆ ಯಾವ ಹುಳು ಯಾವ ಬಾಟಲಿಗೆ ಹೋಗಬೇಕು ಎಂಬುದು ಮೀನು ಕೊಯ್ಯುವ ಹೊತ್ತಿಗೇ ತೀರ್ಮಾನವಾಗಬೇಕು.

ಹಂತ 1: ಹುಳುವಿಗಿಂತ ಮೊದಲು ಮೀನನ್ನು ಗುರುತಿಸಿ

ಮಲ್ಪೆಯಲ್ಲಾಗಲಿ ಮಂಗಳೂರಿನ ದಕ್ಕೆಯಲ್ಲಾಗಲಿ ಹಲವು ದಿನ ಕಡಲಲ್ಲಿದ್ದು ಬಂದ ಟ್ರಾಲರ್‌ಗಳ ಮೀನು ಸಮೃದ್ಧವಾಗಿ ಸಿಗುತ್ತದೆ, ಆದರೆ ಅದರ ಕರುಳು ಆಗಲೇ ಹಾಳಾಗಿರುತ್ತದೆ. ಮೀನು ಸತ್ತ ಕೆಲವೇ ಗಂಟೆಗಳಲ್ಲಿ ಹುಳುವಿನ ಮೈಹೊದಿಕೆ ಕಳಚತೊಡಗುತ್ತದೆ. ಅದೇ ದಿನ ಹೋಗಿ ಅದೇ ದಿನ ಬರುವ ನಾಡದೋಣಿಯ ಅಥವಾ ಕೈರಂಪಣಿ ಬಲೆಯ ಮೀನನ್ನು ಕೇಳಿ ಪಡೆಯಿರಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಸಂಗ್ರಹದ ಕಾಲವನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬೇಕು.

ಬಾಲದ ಮುಳ್ಳನ್ನು ಮೊದಲು ಕತ್ತರಿಸಿ ತೆಗೆಯಿರಿ. ಸತ್ತ ತೊರಕೆಯ ಮುಳ್ಳೂ ಚುಚ್ಚುತ್ತದೆ, ವಿಷವೂ ಏರುತ್ತದೆ. ಗರಗಸ ಮೀನು, ಮೈಯೆಲ್ಲ ಮುಳ್ಳಿರುವ ಯುರೋಜಿಮ್ನಸ್ ಆಸ್ಪೆರಿಮಸ್ ಮುಂತಾದವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ, 2022ರ ತಿದ್ದುಪಡಿಯಿಂದ ಆ ಪಟ್ಟಿ ಇನ್ನೂ ಉದ್ದವಾಗಿದೆ. ಪಟ್ಟಿಯನ್ನು ನೋಡದೆ ಯಾವ ತೊರಕೆಗೂ ಚಾಕು ಹಾಕಬೇಡಿ.

ಇನ್ನು ಗುರುತಿಸುವಿಕೆ. ಪ್ರತಿ ಮೀನಿಗೂ ಒಂದು ಸಂಖ್ಯೆ ಕೊಟ್ಟು, ಬೆನ್ನು, ಹೊಟ್ಟೆ, ಬಾಯಿ ಮತ್ತು ಮೂಗಿನ ಭಾಗ, ಬಾಲ ಇವುಗಳ ಫೋಟೋ ತೆಗೆದು, ತಟ್ಟೆಯಂಥ ದೇಹದ ಅಗಲವನ್ನೂ ಲಿಂಗವನ್ನೂ ಬರೆದುಕೊಂಡು, ಯಕೃತ್ತಿನ ಅಥವಾ ಸ್ನಾಯುವಿನ ಕಡಲೆಕಾಳಿನಷ್ಟು ತುಂಡನ್ನು ಶೇ. 95ರ ಎಥನಾಲ್‌ಗೆ ಹಾಕಬೇಕು. ಈ ತುಂಡನ್ನು ಬಿಟ್ಟರೆ ಮುಂದೆ ಉಪಾಯವಿಲ್ಲ. ತೊರಕೆ, ಶಾರ್ಕ್‌ಗಳ ಡಿಎನ್‌ಎಯನ್ನು ದೊಡ್ಡ ಪ್ರಮಾಣದಲ್ಲಿ ಪರಿಶೀಲಿಸಿದ ನೇಲರ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನವು ಒಂದೇ ಎಂದುಕೊಂಡಿದ್ದ ಅನೇಕ ಮೀನುಗಳು ಹಲವು ಪ್ರಭೇದಗಳ ಗುಂಪುಗಳೆಂದು ತೋರಿಸಿತು. ಅಲ್ಲಿ ಬಳಸಿದ ಎನ್‌ಎಡಿಎಚ್2 ಎಂಬ ಜೀನನ್ನೇ ನೀವೂ ಓದಿಸಿದರೆ ಹೋಲಿಸಲು ಅನುಕೂಲ.

ಹಳೆಯ ಪಟ್ಟಿಗಳನ್ನು ಬಳಸುವಾಗ ಹೆಸರು ಬದಲಾಗಿರುವುದು ನೆನಪಿರಲಿ. 2016ರ ಪರಿಷ್ಕರಣೆಯ ನಂತರ ಹಿಮಾಂಟುರಾ ಗೆರಾರ್ಡಿ ಎಂಬುದು ಮ್ಯಾಕುಲಬಾಟಿಸ್ ಗೆರಾರ್ಡಿ ಆಗಿದೆ, ಹಿಮಾಂಟುರಾ ಬ್ಲೀಕೆರಿ ಪಾಟಿಯೊಬಾಟಿಸ್ ಕುಲಕ್ಕೆ ಸೇರಿದೆ, ಹಿಂದೆ ಹಿಮಾಂಟುರಾ ಎನ್ನುತ್ತಿದ್ದ ಚಿಕ್ಕ ತೊರಕೆಗಳಲ್ಲಿ ಕೆಲವು ಈಗ ಬ್ರೆವಿಟ್ರೈಗಾನ್. ಒಂದೇ ಮೀನು ಎರಡು ಹೆಸರಿನಲ್ಲಿ ಇರುವುದನ್ನು ಗಮನಿಸದೆ, ಅದರ ಹುಳುವನ್ನು ಹೊಸ ಆತಿಥೇಯದಿಂದ (ಹುಳು ವಾಸಿಸುವ ಮೀನಿನಿಂದ) ಬಂದ ಹೊಸ ಹುಳು ಎಂದು ಬರೆದ ಕರಡುಗಳು ನನ್ನ ಮೇಜಿನ ಮೇಲೆ ಒಂದೆರಡಲ್ಲ.

*ಎಚ್ಚರಿಕೆಯ ಗುರುತು:* ನಿಮ್ಮ ಟಿಪ್ಪಣಿಯಲ್ಲಿ ಆತಿಥೇಯದ ಎದುರು ಬರೀ ‘ತೊರಕೆ, ಮಲ್ಪೆ’ ಎಂದಿದ್ದರೆ ಆ ಮೀನಿನ ಹುಳುಗಳಿಂದ ಹೊಸ ಪ್ರಭೇದವನ್ನು ವಿವರಿಸಲು ಹೋಗಬೇಡಿ.

ಹಂತ 2: ಸುರುಳಿ ಕರುಳನ್ನು ಬಿಡಿಸುವುದು, ಹುಳುಗಳನ್ನು ಕೊಳೆಯದಂತೆ ಸ್ಥಿರೀಕರಿಸುವುದು

ತೊರಕೆಯ ಕರುಳು ಗಿಡ್ಡ, ಆದರೆ ಅದರೊಳಗೆ ಸುರುಳಿ ಮೆಟ್ಟಿಲಿನಂಥ ಪದರವೊಂದು ಸುತ್ತಿಕೊಂಡಿರುತ್ತದೆ. ಹುಳುಗಳು ತಲೆಯನ್ನು ಆ ಪದರದ ಲೋಳೆಪೊರೆಯಲ್ಲಿ ಹುಗಿದುಕೊಂಡಿರುತ್ತವೆ. ಹೊಟ್ಟೆಯನ್ನು ಉದ್ದಕ್ಕೆ ಕೊಯ್ದು, ಕರುಳನ್ನು ಎರಡೂ ತುದಿಗಳಲ್ಲಿ ಕತ್ತರಿಸಿ ಹೊರತೆಗೆದು, ದೊಡ್ಡ ರಕ್ತನಾಳವೊಂದರ ಪಕ್ಕದಲ್ಲೇ ಮೇಲಿನಿಂದ ಕೆಳಗಿನವರೆಗೆ ಒಂದೇ ಸೀಳು ಹಾಕಿ. ಸೀಳು ಆಳವಾದರೆ ಒಳಪದರಗಳ ಜೊತೆಗೆ ಹುಳುಗಳೂ ತುಂಡಾಗುತ್ತವೆ.

ಕಣ್ಣಿಗೆ ಬಿದ್ದ ಹುಳುವನ್ನು ಚಿಮುಟದಿಂದ ಹಿಡಿದೆಳೆಯುವುದು ಎಲ್ಲರೂ ಮಾಡುವ ತಪ್ಪು. ದಾರದಂಥ ದೇಹ ಕೈಗೆ ಬರುತ್ತದೆ, ತಲೆ ಲೋಳೆಪೊರೆಯಲ್ಲೇ ಉಳಿಯುತ್ತದೆ. ತಲೆಯಿಲ್ಲದ ಹುಳುವಿನಿಂದ ಪ್ರಭೇದವನ್ನು ವಿವರಿಸಲಾಗದು. ಸೀಳಿದ ಕರುಳನ್ನು ಸಮುದ್ರದ ನೀರು ತುಂಬಿದ ಬಟ್ಟಲಲ್ಲಿಟ್ಟು, ಕುಂಚದಿಂದ ಲೋಳೆಯನ್ನು ನಿಧಾನವಾಗಿ ಸರಿಸಿದರೆ ತಲೆಗಳು ತಾವಾಗಿ ಬಿಡಿಸಿಕೊಳ್ಳುತ್ತವೆ. ಕೆಲವು ಹುಳುಗಳನ್ನು ಆಗಲೇ ಶೇ. 95ರ ಎಥನಾಲ್‌ಗೆ ಹಾಕಿ, ಅವು ಡಿಎನ್‌ಎಗಾಗಿ. ಫಾರ್ಮಲಿನ್ ಮುಟ್ಟಿದ ಹುಳುವಿನಿಂದ ಡಿಎನ್‌ಎ ತೆಗೆಯುವ ಆಸೆ ಬಿಡಬೇಕು. ಉಳಿದ ಹುಳುಗಳ ಸಮೇತ ಕರುಳನ್ನು ಫಾರ್ಮಲಿನ್ ತುಂಬಿದ ಬಾಟಲಿಗೆ ಇಳಿಸಿ, ಮುಚ್ಚಳ ಬಿಗಿದು ಕೆಲವು ನಿಮಿಷ ಚೆನ್ನಾಗಿ ಕುಲುಕಿ. ಕುಲುಕದಿದ್ದರೆ ದ್ರಾವಣ ಪದರಗಳ ಮಧ್ಯೆ ಹೋಗುವುದಿಲ್ಲ, ಹೊರಗೆ ಗಟ್ಟಿಯಾದ ಕರುಳಿನ ಒಳಗೆ ಹುಳುಗಳು ಕೊಳೆಯುತ್ತವೆ. ಸುಮಾರು ಒಂದು ವಾರದ ಬಳಿಕ ತೊಳೆದು ಶೇ. 70ರ ಎಥನಾಲ್‌ಗೆ ವರ್ಗಾಯಿಸಿ.

ಜೀವಂತ ಹುಳುಗಳು ಸಿಕ್ಕರೆ ಕುದಿಯುವ ಹಂತಕ್ಕೆ ಬಂದ ಉಪ್ಪುನೀರನ್ನು ಅವುಗಳ ಮೇಲೆ ಒಮ್ಮೆಲೇ ಸುರಿದು ತಕ್ಷಣ ಫಾರ್ಮಲಿನ್‌ಗೆ ಹಾಕಬಹುದು. ಆಗ ಅವು ಮುದುಡದೆ ಚಾಚಿಕೊಂಡೇ ಸಾಯುತ್ತವೆ. ಎರಡು ಗಾಜಿನ ನಡುವೆ ಒತ್ತಿ ಚಪ್ಪಟೆ ಮಾಡುವ ಹಳೆಯ ಅಭ್ಯಾಸವನ್ನು ದಯವಿಟ್ಟು ಕೈಬಿಡಿ. ಒತ್ತಿದ ಹುಳುವಿನ ಅಗಲ, ಸಿರಸ್ ಚೀಲದ (ಗಂಡು ಜನನಾಂಗವಿರುವ ಚೀಲದ) ಆಕಾರ, ಅಂಡಾಶಯದ ಹಾಲೆಗಳ ಉದ್ದ ಎಲ್ಲವೂ ಬೆರಳಿನ ಬಲಕ್ಕೆ ತಕ್ಕಂತೆ ಬದಲಾಗುತ್ತವೆ.

ಒಂದು ಬಾಟಲಿಯಲ್ಲಿ ಒಂದೇ ಮೀನಿನ ಹುಳುಗಳಿರಲಿ. ಒಂದೇ ಬಗೆಯ ಮೀನೆಂದು ಮೂರು ಮೀನುಗಳ ಕರುಳನ್ನು ಒಂದೇ ಬಾಟಲಿಗೆ ತುಂಬಿದರೆ, ನಾಳೆ ಆ ಮೂರರಲ್ಲಿ ಒಂದು ಬೇರೆ ಪ್ರಭೇದವೆಂದು ಡಿಎನ್‌ಎ ಹೇಳಿದಾಗ ಬಾಟಲಿಯೇ ವ್ಯರ್ಥ.

ಹಂತ 3: ತಲೆ ನೋಡಿ ಗಣವನ್ನೂ ಕುಲವನ್ನೂ ತಿಳಿಯುವುದು

ಸ್ಟೀರಿಯೋ ಸೂಕ್ಷ್ಮದರ್ಶಕದ ಕೆಳಗೆ ಹುಳುಗಳನ್ನು ಪೆಟ್ರಿ ತಟ್ಟೆಯಲ್ಲಿ ಹರಡಿ, ಮೊದಲು ತಲೆಗಳನ್ನು ಮಾತ್ರ ನೋಡಿ ಗುಂಪು ಮಾಡಿ. ತಲೆಯಿಂದ ನಾಲ್ಕು ಮುಳ್ಳುಭರಿತ ಎಳೆಗಳು ಹೊರಚಾಚಿದ್ದರೆ ಅಥವಾ ಒಳಗೆ ನಾಲ್ಕು ಕೊಳವೆಗಳಲ್ಲಿ ಮಡಚಿಕೊಂಡಿದ್ದರೆ ಅದು ಟ್ರಿಪನೋರಿಂಕಾ ಗಣ (ಗಣವೆಂದರೆ ಕುಲಕ್ಕಿಂತ ಮೇಲಿನ ದೊಡ್ಡ ಗುಂಪು, ಆರ್ಡರ್). ಹಿಡಿಕೆಯ ಅಂಗಗಳು ಎರಡೇ ಇದ್ದು, ತುದಿಯಲ್ಲಿ ಬೆನ್ನಿನ ಕಡೆಗೊಂದು ಹೊಟ್ಟೆಯ ಕಡೆಗೊಂದು ಕೊಕ್ಕೆಗಳ ಗೊಂಚಲಿದ್ದರೆ ಡಿಫಿಲ್ಲಿಡಿಯಾ ಎಂದು ಶಂಕಿಸಬಹುದು. ನಾಲ್ಕು ಬಟ್ಟಲಿನಂಥ ಹೀರುಬಾಯಿಗಳೂ ನೆತ್ತಿಯಲ್ಲಿ ಎದ್ದುಕಾಣುವ ಅಂಗವೊಂದೂ ಇದ್ದು ಕೊಕ್ಕೆಗಳಿಲ್ಲದಿದ್ದರೆ ಲೆಕ್ಯಾನಿಸೆಫಾಲಿಡಿಯಾ. ತೊಟ್ಟಿನ ಮೇಲೆ ನಿಂತ ನಾಲ್ಕು ಎಲೆಯಂಥ ಬೋತ್ರಿಡಿಯಗಳಿದ್ದು (ಇವೂ ಹಿಡಿಕೆಯ ಅಂಗಗಳೇ) ಕೊಕ್ಕೆಗಳಿಲ್ಲದಿದ್ದರೆ ರೈನೆಬೋತ್ರಿಡಿಯಾ ಗಣದತ್ತ ನೋಡಬೇಕು.

ನಮ್ಮ ಉದಾಹರಣೆಯ ಅಕ್ಯಾಂತೊಬೋತ್ರಿಯಂನ ತಲೆಯಲ್ಲಿ ನಾಲ್ಕು ಬೋತ್ರಿಡಿಯಗಳಿರುತ್ತವೆ. ಪ್ರತಿಯೊಂದನ್ನೂ ಎರಡು ಅಡ್ಡಗೆರೆಗಳು ಮೂರು ಕೋಣೆಗಳಾಗಿ ಭಾಗಿಸುತ್ತವೆ. ಪ್ರತಿ ಬೋತ್ರಿಡಿಯದ ಮುಂತುದಿಯಲ್ಲಿ ಒಂದು ಜೊತೆ ಕೊಕ್ಕೆಗಳಿರುತ್ತವೆ, ಪ್ರತಿ ಕೊಕ್ಕೆಯೂ ಕವಲೊಡೆದು ಎರಡು ಮೊನೆಗಳಾಗಿರುತ್ತದೆ. ಕೊಕ್ಕೆಯ ಮೊನೆ ಒಂದೇ ಆಗಿದ್ದರೆ ಅಥವಾ ಮೂರಾಗಿದ್ದರೆ ನೀವು ಬೇರೆ ಕುಲದಲ್ಲಿದ್ದೀರಿ ಎಂದರ್ಥ. ಕೊಕ್ಕೆಗಳು ಉದುರಿಹೋದ ತಲೆಯನ್ನು ಊಹೆಯಿಂದ ಈ ಕುಲಕ್ಕೆ ಸೇರಿಸಬಾರದು.

ಹಂತ 4: ಒಂದೇ ಕರುಳಿನ ಪ್ರಭೇದಗಳನ್ನು ಬೇರ್ಪಡಿಸುವುದು

ಎಲ್ಲಕ್ಕಿಂತ ಹೆಚ್ಚು ಕರಡುಗಳು ಬೀಳುವುದು ಇಲ್ಲಿ. ಒಂದೇ ತೊರಕೆಯ ಕರುಳಿನಲ್ಲಿ ಅಕ್ಯಾಂತೊಬೋತ್ರಿಯಂನ ಎರಡು ಮೂರು ಪ್ರಭೇದಗಳು ಒಟ್ಟಿಗೆ ಇರುವುದು ಅಪರೂಪವಲ್ಲ. ನಾನು ಮೊದಲ ಸಲ ಅಳತೆ ಮಾಡಿದಾಗ ಎಲ್ಲ ಹುಳುಗಳನ್ನೂ ಒಂದೇ ಕೋಷ್ಟಕದಲ್ಲಿ ಹಾಕಿ, ವೃಷಣಗಳ ಸಂಖ್ಯೆಯಲ್ಲಿ ‘ಪ್ರಭೇದದೊಳಗಿನ ವೈವಿಧ್ಯ ಹೆಚ್ಚು’ ಎಂದು ಹೆಮ್ಮೆಯಿಂದ ಬರೆದಿದ್ದೆ. ಹಿರಿಯರೊಬ್ಬರು ಏನನ್ನೂ ಹೇಳದೆ ಗ್ರಾಫ್ ಹಾಳೆಯೊಂದನ್ನು ನನ್ನತ್ತ ತಳ್ಳಿದರು. ಕೊಕ್ಕೆಯ ಉದ್ದವನ್ನು ಒಂದು ಅಕ್ಷದಲ್ಲಿ, ವೃಷಣಗಳ ಸಂಖ್ಯೆಯನ್ನು ಇನ್ನೊಂದರಲ್ಲಿ ಗುರುತಿಸುತ್ತ ಹೋದಂತೆ ಚುಕ್ಕೆಗಳು ಎರಡು ದೂರದ ಗುಂಪುಗಳಾಗಿ ಕುಳಿತವು, ಮಧ್ಯದಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಆರು ತಿಂಗಳ ಕೆಲಸವನ್ನು ಮತ್ತೆ ಮೊದಲಿನಿಂದ ಮಾಡಬೇಕಾಯಿತು.

ಆದ್ದರಿಂದ ಸರಾಸರಿ ತೆಗೆಯುವ ಮೊದಲು ಪ್ರತಿ ಹುಳುವಿಗೂ ಒಂದು ಸಂಖ್ಯೆ ಕೊಟ್ಟು, ಒಟ್ಟು ಉದ್ದ, ಖಂಡಗಳ (ದೇಹದ ಸಾಲುತುಣುಕುಗಳ) ಸಂಖ್ಯೆ, ಕೊಕ್ಕೆಯ ಉದ್ದ, ಕೊನೆಯ ಪಕ್ವ ಖಂಡದ ವೃಷಣಗಳು ಇವನ್ನು ಪ್ರತ್ಯೇಕ ಸಾಲಿನಲ್ಲಿ ಬರೆದು ಚುಕ್ಕೆಚಿತ್ರ ಹಾಕಿ. ಕನಿಷ್ಠ ಮತ್ತು ಗರಿಷ್ಠಗಳ ನಡುವೆ ಎರಡು ಮೂರು ಪಟ್ಟು ಅಂತರವಿದ್ದರೆ, ಅದರಲ್ಲೂ ಕೊಕ್ಕೆಯಂಥ ಗಟ್ಟಿ ಭಾಗದಲ್ಲಿದ್ದರೆ, ಅದನ್ನು ವೈವಿಧ್ಯವೆಂದು ಒಪ್ಪುವ ಮೊದಲು ಮಿಶ್ರಣವೆಂದು ಅನುಮಾನಿಸಬೇಕು.

ಹಂತ 5: ಬಣ್ಣ ಹಾಕಿ ಸ್ಲೈಡ್ ಮಾಡುವುದು

ಕ್ರಮ ಹೀಗಿದೆ:

1. ಶೇ. 70ರ ಎಥನಾಲ್‌ನಿಂದ ಶೇ. 50, ಶೇ. 35, ಕೊನೆಗೆ ಭಟ್ಟಿ ಇಳಿಸಿದ ನೀರಿಗೆ ಹುಳುವನ್ನು ಹಂತಹಂತವಾಗಿ ಇಳಿಸಿ.
2. ಡೆಲಾಫೀಲ್ಡ್ ಹೆಮಟಾಕ್ಸಿಲಿನ್‌ನ ಒಂದು ಪಾಲಿಗೆ ಒಂಬತ್ತು ಪಾಲು ಭಟ್ಟಿ ನೀರು ಬೆರೆಸಿದ ದ್ರಾವಣದಲ್ಲಿ ಬಣ್ಣ ಹಾಕಿ.
3. ನಲ್ಲಿಯ ನೀರಿನಲ್ಲಿ ತೊಳೆಯಿರಿ. ಕೆಂಪುಮಿಶ್ರಿತ ನೇರಳೆ ಬಣ್ಣ ನೀಲಿಗೆ ತಿರುಗುತ್ತದೆ.
4. ಶೇ. 70ರವರೆಗೆ ಮತ್ತೆ ಏರಿಸಿ, ಕೆಲವು ಹನಿ ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿದ ಶೇ. 70ರ ಎಥನಾಲ್‌ನಲ್ಲಿ ಹೆಚ್ಚಿನ ಬಣ್ಣ ತೆಗೆಯಿರಿ.
5. ಕ್ಷಾರ ಬೆರೆಸಿದ ಶೇ. 70ರ ಎಥನಾಲ್‌ನಲ್ಲಿ ಆಮ್ಲದ ಕೆಲಸವನ್ನು ನಿಲ್ಲಿಸಿ.
6. ಶೇ. 95, ಆಮೇಲೆ ಎರಡು ಸಲ ಶೇ. 100ರ ಎಥನಾಲ್‌ನಲ್ಲಿ ನೀರಿನಂಶ ತೆಗೆಯಿರಿ.
7. ಮೀಥೈಲ್ ಸ್ಯಾಲಿಸಿಲೇಟ್‌ನಲ್ಲಿ ಪಾರದರ್ಶಕಗೊಳಿಸಿ ಕೆನಡಾ ಬಾಲ್ಸಮ್‌ನಲ್ಲಿ ಕೂರಿಸಿ.

ನಾಲ್ಕನೆಯದು ಕಣ್ಣಿನ ಕೆಲಸ, ಗಡಿಯಾರದ ಕೆಲಸವಲ್ಲ. ಪೆಟ್ರಿ ತಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಬಣ್ಣ ಹೊಗೆಯಂತೆ ಹೊರಬರುವುದನ್ನು ನೋಡುತ್ತಿರಬೇಕು. ಖಂಡದ ಅಂಚು ತಿಳಿಯಾಗಿ, ವೃಷಣಗಳು ದುಂಡುದುಂಡಾಗಿ ಬಿಡಿಬಿಡಿಯಾಗಿ ಕಂಡ ಕೂಡಲೇ ಐದನೆಯ ಹೆಜ್ಜೆಗೆ ಹೋಗಬೇಕು. ಅರ್ಧ ನಿಮಿಷ ತಡವಾದರೂ ಸಣ್ಣ ಹುಳುವಿನಲ್ಲಿ ಏನೂ ಉಳಿಯುವುದಿಲ್ಲ.

ನೋವಿನ ಮುಲಾಮಿನ ಪರಿಮಳ ಬೀರುವ ಮೀಥೈಲ್ ಸ್ಯಾಲಿಸಿಲೇಟ್‌ನಲ್ಲಿ ಹುಳುವಿನ ಸುತ್ತ ಹಾಲಿನಂಥ ಬಿಳಿ ಮಬ್ಬು ಎದ್ದರೆ ನೀರಿನಂಶ ಇನ್ನೂ ಉಳಿದಿದೆ ಎಂದು ತಿಳಿಯಿರಿ. ಬಾಲ್ಸಮ್ ಹಾಕುವ ಆತುರ ಬೇಡ. ಮತ್ತೆ ಶೇ. 100ರ ಎಥನಾಲ್‌ಗೆ ಹಿಂತಿರುಗಿ. ಮಬ್ಬಾದ ಹುಳುವನ್ನು ಹಾಗೆಯೇ ಕೂರಿಸಿದರೆ ಕೆಲವೇ ತಿಂಗಳಲ್ಲಿ ಸ್ಲೈಡ್ ಕಪ್ಪಾಗುತ್ತದೆ.

ಹಂತ 6: ಅಳತೆ ಮತ್ತು ಎಣಿಕೆ

ಸ್ಟೇಜ್ ಮೈಕ್ರೋಮೀಟರ್‌ನಿಂದ ಪ್ರತಿ ಮಸೂರಕ್ಕೂ ಪ್ರತ್ಯೇಕವಾಗಿ ಅಳತೆಯನ್ನು ಸರಿಹೊಂದಿಸಿಕೊಂಡ ನಂತರವೇ ಶುರು ಮಾಡಿ. ಕೊಕ್ಕೆಯಲ್ಲಿ ನಾಲ್ಕು ಅಳತೆಗಳು: ಹಿಡಿಯ ಉದ್ದ, ಎರಡು ಮೊನೆಗಳ ಉದ್ದ, ಒಟ್ಟು ಉದ್ದ. ಜೊತೆಯ ಒಂದು ಕೊಕ್ಕೆ ಬೋತ್ರಿಡಿಯದ ನಡುಗೆರೆಯ ಕಡೆಗೂ ಇನ್ನೊಂದು ಹೊರಗಡೆಗೂ ಇರುವುದರಿಂದ ಅವುಗಳ ಅಳತೆಗಳನ್ನು ಬೆರೆಸದೆ ಬೇರೆಬೇರೆಯಾಗಿ ಕೊಡಬೇಕು. ವಾಲಿಕೊಂಡಿರುವ ಕೊಕ್ಕೆ ಗಿಡ್ಡವಾಗಿ ಕಾಣುತ್ತದೆ. ಹಿಡಿಯೂ ಎರಡೂ ಮೊನೆಗಳೂ ಒಂದೇ ನೋಟದಲ್ಲಿ ಸ್ಪಷ್ಟವಾಗಿ ಕಂಡ ಕೊಕ್ಕೆಗಳನ್ನು ಮಾತ್ರ ಅಳೆಯಿರಿ.

ವೃಷಣಗಳನ್ನು ಪಕ್ವ ಖಂಡದಲ್ಲೇ ಎಣಿಸಬೇಕು. ಎಳೆಯ ಖಂಡದಲ್ಲಿ ಅವು ಪೂರ್ತಿ ಮೂಡಿರುವುದಿಲ್ಲ, ಹೆಚ್ಚು ಬಲಿತ ಖಂಡದಲ್ಲಿ ಕ್ಷೀಣಿಸಿರುತ್ತವೆ. ಒಟ್ಟು ಸಂಖ್ಯೆಯ ಜೊತೆಗೆ, ಜನನರಂಧ್ರವಿರುವ ಬದಿಯಲ್ಲಿ ಸಿರಸ್ ಚೀಲಕ್ಕೂ ಅಂಡಾಶಯಕ್ಕೂ ನಡುವೆ ಎಷ್ಟಿವೆ ಎಂಬುದನ್ನೂ ಬೇರೆಯಾಗಿ ಬರೆಯಿರಿ. ಮುಂದೆ ಪ್ರಭೇದಗಳನ್ನು ಬೇರ್ಪಡಿಸಲು ಈ ಸಣ್ಣ ಸಂಖ್ಯೆ ಅನೇಕ ಸಲ ನೆರವಾಗುತ್ತದೆ. ಎಣಿಸುವಾಗ ಚಿತ್ರದ ಕೊಳವೆಯ ಮೂಲಕ ಕಾಗದದ ಮೇಲೆ ಒಂದೊಂದನ್ನೂ ಚುಕ್ಕೆಯಿಟ್ಟು ಎಣಿಸುವುದು ಒಳ್ಳೆಯದು. ಬರೀ ಕಣ್ಣಿನಲ್ಲಿ ಎಣಿಸಿದರೆ ಮೂರು ಸಲಕ್ಕೆ ಮೂರು ಉತ್ತರ ಬರುತ್ತದೆ.

ಪ್ರತಿ ಅಳತೆಯನ್ನೂ ಕನಿಷ್ಠ ಮತ್ತು ಗರಿಷ್ಠ, ಆಮೇಲೆ ಸರಾಸರಿ ಮತ್ತು ಪ್ರಮಾಣಿತ ವಿಚಲನೆ, ಎಷ್ಟು ಹುಳುಗಳು, ಒಟ್ಟು ಎಷ್ಟು ಅಳತೆಗಳು ಎಂಬ ಕ್ರಮದಲ್ಲಿ ಬರೆಯುವುದು ರೂಢಿ. ಐದು ಹುಳುಗಳ ನಲವತ್ತು ಕೊಕ್ಕೆಗಳನ್ನು ಅಳೆದು ‘ನಲವತ್ತು ಮಾದರಿಗಳು’ ಎಂದು ಬರೆಯುವುದು ತಪ್ಪು.

ಹಂತ 7: ಒಂದೇ ಹುಳುವಿನಿಂದ ಎರಡು ಕೆಲಸ

ಮೈಹೊದಿಕೆಯ ಅತಿಸೂಕ್ಷ್ಮ ರೋಮಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದಾಗ ತಲೆಯನ್ನು ಮಾತ್ರ ಕತ್ತರಿಸಿ ಅದಕ್ಕೆ ಕೊಡಿ, ಉಳಿದ ದೇಹವನ್ನು ಬಣ್ಣ ಹಾಕಿ ಸಾಕ್ಷ್ಯದ ಸ್ಲೈಡ್ ಮಾಡಿ. ಡಿಎನ್‌ಎಗೆ ದೇಹದ ಮಧ್ಯಭಾಗದ ಒಂದು ತುಂಡು ಸಾಕು. ತಲೆಯೂ ಕೊನೆಯ ಖಂಡಗಳೂ ಸ್ಲೈಡ್‌ಗೆ ಹೋಗಲಿ. ಹೀಗೆ ಮಾಡಿದರೆ ಜೀನ್‌ನ ಅನುಕ್ರಮ ಯಾವ ಹುಳುವಿನದು ಎಂಬುದನ್ನು ಯಾರು ಬೇಕಾದರೂ ಕಣ್ಣಾರೆ ಪರೀಕ್ಷಿಸಬಹುದು. ಇಡೀ ಹುಳುವನ್ನು ಅರೆದುಬಿಟ್ಟರೆ ಆ ಅನುಕ್ರಮಕ್ಕೆ ಮೈಯೇ ಇರುವುದಿಲ್ಲ.

ರೋಮಗಳ ಹೆಸರುಗಳಿಗೆ 2009ರಲ್ಲಿ ಶೆರ್ವಿ ಪ್ರಕಟಿಸಿದ ಏಕರೂಪ ಪದಾವಳಿಯನ್ನು ಅನುಸರಿಸಿ. ಅದರಂತೆ 200 ನ್ಯಾನೋಮೀಟರ್ ಅಥವಾ ಅದಕ್ಕಿಂತ ಕಡಿಮೆ ಅಗಲದವು ಫಿಲಿಟ್ರಿಕ್ಸ್, ಅದಕ್ಕಿಂತ ಅಗಲವಾದವು ಸ್ಪಿನಿಟ್ರಿಕ್ಸ್. ಬೋತ್ರಿಡಿಯದ ಒಳಮುಖ, ಹೊರಮುಖ, ತಲೆಯ ಕಾಂಡ ಮತ್ತು ಖಂಡಗಳಲ್ಲಿ ಯಾವ ಬಗೆಯದಿದೆ ಎಂದು ಪ್ರತ್ಯೇಕವಾಗಿ ಹೇಳಬೇಕು. ಜೀನ್‌ಗಳಲ್ಲಿ 28ಎಸ್ ಆರ್‌ಡಿಎನ್‌ಎಯ ಡಿ1ರಿಂದ ಡಿ3 ಭಾಗ ಈ ಹುಳುಗಳಿಗೆ ವ್ಯಾಪಕವಾಗಿ ಬಳಕೆಯಲ್ಲಿದೆ. ಅಂಡಾಶಯದ ಮಟ್ಟದಲ್ಲಿ ಅಡ್ಡ ಸೀಳಿಕೆಯನ್ನೂ ಮಾಡಿಸಿ. ಅದು ಎರಡು ಹಾಲೆಯದೋ ನಾಲ್ಕು ಹಾಲೆಯದೋ ಎಂಬುದು ಅಲ್ಲಿಯೇ ತಿಳಿಯುತ್ತದೆ.

ಹಂತ 8: ಹೋಲಿಕೆ

200ಕ್ಕೂ ಹೆಚ್ಚು ಪ್ರಭೇದಗಳೊಂದಿಗೆ ಒಂದೊಂದಾಗಿ ಹೋಲಿಸುವುದು ಅಸಾಧ್ಯವಲ್ಲದಿದ್ದರೂ ಪ್ರಾಯೋಗಿಕವಲ್ಲ. ಘೋಷ್‌ರಾಯ್ ಮತ್ತು ಕೈರಾ ಅವರು 2001ರಲ್ಲಿ ಕೊಟ್ಟ ವರ್ಗವ್ಯವಸ್ಥೆ ಇದನ್ನು ಸುಲಭಗೊಳಿಸಿತು. ಅದಕ್ಕೆ ನಾಲ್ಕು ಪ್ರಶ್ನೆಗಳು ಸಾಕು: ಒಟ್ಟು ಉದ್ದ 15 ಮಿ.ಮೀ.ವರೆಗೋ ಹೆಚ್ಚೋ; ಖಂಡಗಳು 50ರವರೆಗೋ ಹೆಚ್ಚೋ; ಪ್ರತಿ ಖಂಡದಲ್ಲಿ ವೃಷಣಗಳು 80ರವರೆಗೋ ಹೆಚ್ಚೋ; ಅಂಡಾಶಯದ ಎರಡು ಪಕ್ಕದ ಹಾಲೆಗಳು ಸಮವೋ ಅಸಮವೋ. ನಿಮ್ಮ ಹುಳು 6 ಮಿ.ಮೀ. ಉದ್ದ, 22 ಖಂಡ, 34 ವೃಷಣ, ಜನನರಂಧ್ರದ ಕಡೆಯ ಹಾಲೆ ಗಿಡ್ಡ ಎಂದಿಟ್ಟುಕೊಂಡರೆ ಅದು ಒಂದನೆಯ ವರ್ಗಕ್ಕೆ ಸೇರುತ್ತದೆ, ಹೋಲಿಕೆ ಆ ವರ್ಗದ ಪ್ರಭೇದಗಳೊಂದಿಗೆ ಆರಂಭವಾಗುತ್ತದೆ.

ಈ ವರ್ಗಗಳು ವಂಶಾವಳಿಯನ್ನು ಹೇಳುವುದಿಲ್ಲ, ಕಪಾಟಿನ ಖಾನೆಗಳಂತೆ ಹುಡುಕಾಟಕ್ಕಷ್ಟೇ ಇವೆ. ನಿಮ್ಮ ಹುಳುಗಳ ಖಂಡಗಳು 45ರಿಂದ 56ರವರೆಗೆ ಇದ್ದರೆ ಎರಡೂ ಖಾನೆಗಳನ್ನು ತೆರೆದು ನೋಡಬೇಕಾಗುತ್ತದೆ. ಇದರ ಜೊತೆಗೆ ಅದೇ ಕುಲದ ತೊರಕೆಗಳಿಂದ ಬಂದ ಪ್ರಭೇದಗಳನ್ನೂ ಅರಬ್ಬೀ ಸಮುದ್ರ ಮತ್ತು ಬಂಗಾಳ ಕೊಲ್ಲಿಯಿಂದ ವರದಿಯಾದವನ್ನೂ ವರ್ಗ ಯಾವುದೇ ಇರಲಿ ಹೋಲಿಸಿ.

ನಮ್ಮ ಕರಾವಳಿಯ ಹಳೆಯ ವಿವರಣೆಗಳಲ್ಲಿ ದೊಡ್ಡ ತೊಡಕೊಂದಿದೆ. ಅನೇಕ ಪ್ರಭೇದಗಳನ್ನು ಒಂದೆರಡು ಹುಳುಗಳಿಂದ, ಚಪ್ಪಟೆ ಮಾಡಿದ ಸ್ಲೈಡ್‌ಗಳಿಂದ ವಿವರಿಸಲಾಗಿದೆ, ಮೂಲ ಮಾದರಿಗಳು ನೋಡಲು ಸಿಗುವುದಿಲ್ಲ. ಆ ಕಾರಣಕ್ಕೆ ಅವನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಮುಂದೆ ಹೋಗುವುದು ನನ್ನ ದೃಷ್ಟಿಯಲ್ಲಿ ತಪ್ಪು. ಮೂಲ ಲೇಖನವನ್ನು ತರಿಸಿ, ಅಲ್ಲಿನ ಅಳತೆಗಳನ್ನೂ ಚಿತ್ರವನ್ನೂ ಪಕ್ಕದಲ್ಲಿಟ್ಟು, ಯಾವ ಲಕ್ಷಣ ಹೋಲಿಸಲು ಸಾಧ್ಯವಾಯಿತು, ಯಾವುದು ಆಗಲಿಲ್ಲ ಎಂದು ನೇರವಾಗಿ ಬರೆಯಿರಿ. ಅದೇ ಜಾಗದ ಅದೇ ಮೀನಿನಿಂದ ಹುಳುಗಳನ್ನು ಮತ್ತೆ ಸಂಗ್ರಹಿಸಿ ಹಳೆಯ ಪ್ರಭೇದವನ್ನೇ ಚೆನ್ನಾಗಿ ಪುನರ್ವಿವರಿಸುವುದು ಹೊಸ ಹೆಸರಿಗಿಂತ ಹೆಚ್ಚು ಉಪಯುಕ್ತ ಎಂದು ಅನೇಕ ಸಲ ಅನಿಸಿದೆ.

*ಎಚ್ಚರಿಕೆಯ ಗುರುತು:* ನಿಮ್ಮ ಹುಳುವಿಗೂ ಹತ್ತಿರದ ಪ್ರಭೇದಕ್ಕೂ ಇರುವ ವ್ಯತ್ಯಾಸ ಆತಿಥೇಯ ಬೇರೆ ಎಂಬುದೊಂದೇ ಆಗಿದ್ದರೆ, ಅಥವಾ ಒಟ್ಟು ಉದ್ದದಂಥ ಮುದುಡಿದರೆ ಬದಲಾಗುವ ಅಳತೆಯೊಂದೇ ಆಗಿದ್ದರೆ, ಹೊಸ ಪ್ರಭೇದದ ಮಾತು ಬೇಡ. ಹಾಗೆಯೇ ಒಂದೇ ಒಂದು ಹುಳು ಇದ್ದಾಗಲೂ, ಇರುವವೆಲ್ಲ ಅಪಕ್ವವಾಗಿದ್ದಾಗಲೂ ಕಾಯುವುದೇ ಸರಿ.

ಹಂತ 9: ವಿವರಣೆ ಬರೆಯುವುದು

ತಲೆಯಿಂದ ಬಾಲದವರೆಗೆ ಒಂದೇ ದಿಕ್ಕಿನಲ್ಲಿ ಸಾಗಿ: ಇಡೀ ದೇಹ, ತಲೆ, ಬೋತ್ರಿಡಿಯ, ಕೊಕ್ಕೆ, ತಲೆಯ ಕಾಂಡ, ರೋಮಗಳು, ಎಳೆಯ ಖಂಡಗಳು, ಪಕ್ವ ಖಂಡಗಳು, ಅವುಗಳೊಳಗೆ ವೃಷಣ, ಸಿರಸ್ ಚೀಲ, ಯೋನಿ, ಅಂಡಾಶಯ, ಪೀತಕ ಕೋಶಗಳು (ಮೊಟ್ಟೆಗೆ ಪೋಷಣೆ ಒದಗಿಸುವವು), ಗರ್ಭಕೋಶ. ಯೋನಿಯು ಸಿರಸ್ ಚೀಲದ ಮುಂದೆ ತೆರೆಯುತ್ತದೆಯೇ, ಜನನರಂಧ್ರಗಳು ಎಡಬಲಕ್ಕೆ ಯಾವ ರೀತಿ ಬದಲಾಗುತ್ತವೆ, ಪೀತಕ ಕೋಶಗಳ ಸಾಲು ಅಂಡಾಶಯದ ಬಳಿ ತುಂಡಾಗುತ್ತದೆಯೇ ಎಂಬ ಮೂರು ಅಂಶಗಳನ್ನು ಹೊಸಬರು ಮರೆಯುವುದು ಹೆಚ್ಚು.

ಚಿತ್ರದಲ್ಲಿ ಕಂಡದ್ದನ್ನು ಮಾತ್ರ ಬಿಡಿಸಿ, ಪ್ರತಿ ಚಿತ್ರಕ್ಕೂ ಅಳತೆಗೆರೆ ಹಾಕಿ. ಪಠ್ಯದಲ್ಲಿ 34 ವೃಷಣಗಳೆಂದು ಬರೆದು ಚಿತ್ರದಲ್ಲಿ 51 ಬಿಡಿಸಿದ್ದರೆ ಪರಿಶೀಲಕರು ಮೊದಲು ಎಣಿಸುವುದು ಅದನ್ನೇ.

ವಿವರಣೆಯ ಕೆಳಗೆ ಮಾದರಿ ಆತಿಥೇಯ (ಹೆಸರು ಹೊರುವ ಹುಳು ಸಿಕ್ಕ ಮೀನು) ಮತ್ತು ಅದರ ಸಂಖ್ಯೆ, ಸಿಕ್ಕ ಜಾಗ, ಕರುಳಿನ ಯಾವ ಭಾಗ, ಎಷ್ಟು ಮೀನುಗಳಲ್ಲಿ ಎಷ್ಟಕ್ಕೆ ಹುಳುವಿತ್ತು, ಹೋಲೋಟೈಪ್ (ಹೆಸರು ಹೊರುವ ಒಂದೇ ಹುಳು) ಮತ್ತು ಪ್ಯಾರಾಟೈಪ್‌ಗಳ (ವಿವರಣೆಗೆ ಬಳಸಿದ ಉಳಿದ ಹುಳುಗಳ) ಸಂಗ್ರಹಾಲಯ ಸಂಖ್ಯೆ, ಹೆಸರಿನ ಮೂಲ ಇವು ಬರಬೇಕು. ಮೀನು ಮಾರಾಟವಾದ ದಕ್ಕೆಯನ್ನೇ ಸಿಕ್ಕ ಜಾಗವೆಂದು ಬರೆಯಬೇಡಿ. ದೋಣಿಯವರನ್ನು ಬಲೆ ಎಲ್ಲಿ ಹಾಕಿದ್ದೆಂದು ಕೇಳಿ ಬರೆದುಕೊಂಡಿದ್ದರೆ ಅದು ಇಲ್ಲಿ ಕೆಲಸಕ್ಕೆ ಬರುತ್ತದೆ.

ಹಂತ 10: ಹೆಸರು ಮತ್ತು ಮಾದರಿಗಳ ಠೇವಣಿ

ಪ್ರಾಣಿನಾಮಕರಣದ ಅಂತಾರಾಷ್ಟ್ರೀಯ ಸಂಹಿತೆಯಂತೆ 1999ರ ನಂತರದ ಹೊಸ ಪ್ರಭೇದಕ್ಕೆ ‘ಹೊಸದು’ ಎಂಬ ಸ್ಪಷ್ಟ ಸೂಚನೆಯೂ, ಹೆಸರು ಹೊರುವ ಮಾದರಿಯೂ, ಅದನ್ನು ಇಟ್ಟಿರುವ ಸಂಗ್ರಹದ ಉಲ್ಲೇಖವೂ ಕಡ್ಡಾಯ. ಎಲೆಕ್ಟ್ರಾನಿಕ್ ರೂಪದಲ್ಲಷ್ಟೇ ಬರುವ ಪತ್ರಿಕೆಯಾದರೆ ಪ್ರಕಟಣೆಗೆ ಮುನ್ನ ಪ್ರಾಣಿನಾಮಗಳ ಅಧಿಕೃತ ನೋಂದಣಿಯಾದ ಝೂಬ್ಯಾಂಕ್‌ನಲ್ಲಿ ನೋಂದಾಯಿಸಿ, ಆ ನೋಂದಣಿಯ ಸಾಕ್ಷ್ಯ ಲೇಖನದೊಳಗೇ ಇರುವಂತೆ ನೋಡಿಕೊಳ್ಳಿ.

ಅಕ್ಯಾಂತೊಬೋತ್ರಿಯಂ ನಪುಂಸಕ ಲಿಂಗದ ಹೆಸರು. ವಿಶೇಷಣವನ್ನು ಆರಿಸಿದರೆ ಅದೂ ನಪುಂಸಕವಾಗಬೇಕು, ಕೊರೊನೇಟಂ ಎಂಬಂತೆ, ಕೊರೊನೇಟಸ್ ಅಲ್ಲ. ಆತಿಥೇಯದ ಕುಲದ ಹೆಸರಿನಿಂದ ಹುಳುವಿಗೆ ಹೆಸರಿಡುವುದನ್ನು ನಾನು ಒಪ್ಪುವುದಿಲ್ಲ. ಮೀನಿನ ಹೆಸರು ಬದಲಾದರೂ ಹುಳುವಿನದು ಬದಲಾಗದೆ ಓದುಗರನ್ನು ದಾರಿ ತಪ್ಪಿಸುತ್ತದೆ. ಲೇಖನ ಪ್ರಕಟವಾಗುವವರೆಗೆ ಪ್ರಬಂಧದಲ್ಲಾಗಲಿ ಸಮ್ಮೇಳನದ ಸಾರಾಂಶದಲ್ಲಾಗಲಿ ಡಿಎನ್‌ಎ ಅನುಕ್ರಮಗಳ ಭಂಡಾರವಾದ ಜೀನ್‌ಬ್ಯಾಂಕ್‌ನಲ್ಲಾಗಲಿ ಹೊಸ ಹೆಸರನ್ನು ಬಳಸದೆ ‘ಅಕ್ಯಾಂತೊಬೋತ್ರಿಯಂ ಪ್ರಭೇದ 1’ ಎಂದೇ ಇಡಿ.

ಮಾದರಿಗಳು ನಿಮ್ಮ ವಿಭಾಗದ ಕಪಾಟಿನಲ್ಲಿ ಉಳಿಯಬಾರದು. ನೀವು ನಿವೃತ್ತರಾದ ಮರುವರ್ಷ ಆ ಕಪಾಟು ಎಲ್ಲಿರುತ್ತದೋ ಹೇಳಲಾಗದು. 2002ರ ಜೀವವೈವಿಧ್ಯ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಹೊಸದಾಗಿ ಕಂಡುಹಿಡಿದ ಜೀವಿಯನ್ನು ನಿಯೋಜಿತ ಭಂಡಾರಕ್ಕೆ ತಿಳಿಸಿ ಮಾದರಿಯನ್ನು ಅಲ್ಲಿ ಇಡಬೇಕು. ಪ್ರಾಣಿಗಳಿಗೆ ಅಂಥದೊಂದು ಭಂಡಾರ ಕೋಲ್ಕತ್ತದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ. ಠೇವಣಿಗೆ ಕಳುಹಿಸುವ ಮುನ್ನ ಹೋಲೋಟೈಪ್ ಸ್ಲೈಡ್‌ನ ಚೀಟಿ, ಲೇಖನದ ಪಠ್ಯ, ಆತಿಥೇಯದ ಸಂಖ್ಯೆ ಮತ್ತು ಜೀನ್‌ಬ್ಯಾಂಕ್ ದಾಖಲೆ ಈ ನಾಲ್ಕನ್ನೂ ಮೇಜಿನ ಮೇಲೆ ಒಟ್ಟಿಗಿಟ್ಟು, ಇನ್ನೊಬ್ಬರಿಂದ ಗಟ್ಟಿಯಾಗಿ ಓದಿಸಿ ತಾಳೆ ನೋಡಿ. ಸಂಗ್ರಹಾಲಯದಿಂದ ಸಂಖ್ಯೆಗಳು ಬಂದ ಮೇಲೆ, ಕರಡಿನಲ್ಲಿ ಖಾಲಿ ಬಿಟ್ಟಿದ್ದ ಜಾಗದಲ್ಲಿ ಅವನ್ನು ತುಂಬಿ, ಆಮೇಲೆ ಲೇಖನವನ್ನು ಕಳುಹಿಸಿ.